ನಮ್ಮ ರಾಜ್ಯಶಾಸ್ತ್ರದ ಮೇಡಂ ನಿವೃತ್ತಿ: ಎರಡು ಪುಟದ ಪರಿಚಯದಲ್ಲಿ ಏನು ಬರೆಯಲಿ?

ಹಾವೇರಿ ಏಲಕ್ಕಿ
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನನಗೆ ಬಿ.ಎ.ಗೆ ರಾಜ್ಯಶಾಸ್ತ್ರ ಕಲಿಸಿದ ಮೇಡಂ ಈ ತಿಂಗಳ ಕೊನೆಗೆ ನಿವೃತ್ತಿ ಆಗುತ್ತಿದ್ದಾರೆ. ಹಳೇ ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ಅಭಿನಂದನ ಸಂಚಿಕೆ ತರುತ್ತಿದ್ದೇವೆ. ಅವರ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಪುಟ.

ಮೊನ್ನೆ ಭಾನುವಾರ ಮನೆಗೆ ಹೋಗಿ ಬಯೋಡೇಟಾ ಕೇಳಿದೆ. ಒಂದೇ ಹಾಳೆ ಕೊಟ್ಟರು. 1988ರಲ್ಲಿ ಎಂ.ಎ. 1989ರಿಂದ ಅರೆಕಾಲಿಕ ಉಪನ್ಯಾಸಕಿ. 1995ರಲ್ಲಿ ಕಾಯಂ. 2003ರಲ್ಲಿ ಪಿಎಚ್.ಡಿ. ಲೇಖನಗಳು ಆರು. ಪುಸ್ತಕ ಇಲ್ಲ. ಬೋಧನಾಸಕ್ತಿ ಅಂತ ಇದ್ದ ಕಡೆ ಒಂದೇ ಸಾಲು: ರಾಜಕೀಯ ಚಿಂತನೆ, ಸಂವಿಧಾನ, ಪಂಚಾಯತ್ ರಾಜ್. ಅಷ್ಟೇ.

ಇದನ್ನೇ ಉದ್ದ ಮಾಡಿ ಬರೆದರೆ ಸೇವಾ ಪುಸ್ತಕ ಓದಿದ ಹಾಗೆ ಆಗುತ್ತೆ. ಮೇಡಂ ಹೆಸರು ಇಲ್ಲಿ ಹಾಕಬೇಡ ಅಂದಿದ್ದಾರೆ. ಆದರೆ "ಹತ್ತೊಂಬತ್ತು ಚೀಟಿ" ಅಂದರೆ ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತೆ. ನೆನಪಿದ್ದದ್ದನ್ನು ದಯವಿಟ್ಟು ಬರೆಯಿರಿ.

ಶಿಗ್ಗಾಂವಿ ಹುಡುಗ
ಹತ್ತೊಂಬತ್ತು ಚೀಟಿ! ಓದಿದ ಕೂಡಲೇ ಆ ಕ್ಲಾಸ್ ರೂಮ್ ಕಣ್ಣ ಮುಂದೆ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿ ಪಾಠ. ಮೇಡಂ ಒಂದು ಕಂದು ಲಕೋಟೆ ತಂದು ಮೇಜಿನ ಮೇಲೆ ಇಟ್ಟರು. ಒಬ್ಬನನ್ನು ರಾಜ್ಯಪಾಲ ಮಾಡಿದರು, ಒಬ್ಬಳನ್ನು ಮುಖ್ಯಮಂತ್ರಿ ಮಾಡಿದರು. ಲಕೋಟೆಯಲ್ಲಿ ಹತ್ತೊಂಬತ್ತು ಚೀಟಿ. ಒಂದೊಂದರಲ್ಲೂ "ಸರ್ಕಾರಕ್ಕೆ ನನ್ನ ಬೆಂಬಲ ಇಲ್ಲ" ಅಂತ ಶಾಸಕರು ಬರೆದ ಹಾಗೆ ಒಂದು ಸಾಲು. ರಾಜ್ಯಪಾಲ ಆದವನು ಎಣಿಸಿದ, ಸರ್ಕಾರ ಬಿತ್ತು ಅಂದ. ಆಗ ಮೇಡಂ ಹಿಂದಿನ ಬೆಂಚಿನ ಏಳು ಜನರನ್ನು ಎಬ್ಬಿಸಿದರು. "ನಮಗೆ ತಪ್ಪು ಹೇಳಿ ಸಹಿ ಮಾಡಿಸಿಕೊಂಡರು, ನಾವು ಸರ್ಕಾರದ ಕಡೆಗೇ ಇದ್ದೇವೆ" ಅಂತ ಅವರಿಂದ ಹೇಳಿಸಿದರು. ರಾಜ್ಯಪಾಲ ಸುಮ್ಮನೆ ನಿಂತುಬಿಟ್ಟ. "ಈಗ ಹೇಳಪ್ಪಾ, ಬಹುಮತ ಎಣಿಸೋ ಜಾಗ ಯಾವುದು? ನಿನ್ನ ಮೇಜೋ, ಸದನವೋ?"

ಇದೇ ಆಗ ನಮ್ಮ ಮುಖ್ಯಮಂತ್ರಿ ಆಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣ. ಬೊಮ್ಮಾಯಿಯವರು ನಮ್ಮ ಕಡೆಯ ಕಾರಡಗಿಯವರು. ಆ ಊರಿಗೆ ಅಜ್ಜಿಯ ಜೊತೆ ಎಷ್ಟೋ ಸಲ ಹೋಗಿದ್ದೇನೆ. ದೇಶದ ಎಲ್ಲಾ ಕಾನೂನು ಕಾಲೇಜಿನಲ್ಲಿ ಓದುವ ತೀರ್ಪಿನ ಮೇಲೆ ಇರೋ ಹೆಸರು ನಮ್ಮ ಪಕ್ಕದ ಊರಿನವರದು ಅಂತ ಮೊದಲು ತಿಳಿದದ್ದು ಆ ಕ್ಲಾಸಿನಲ್ಲಿ. 1989ರಲ್ಲಿ ಬಂದ ಆ ತೀರ್ಪು ಆಮೇಲೆ ಎಷ್ಟೋ ಸರ್ಕಾರಗಳನ್ನು ಉಳಿಸಿತು.

ಉಣಕಲ್ ದಂಡೆ
ತಮ್ಮಾ, ಸಣ್ಣ ತಿದ್ದುಪಡಿ. 1989 ಏಪ್ರಿಲ್ 21ರಂದು ಆದದ್ದು ರಾಷ್ಟ್ರಪತಿ ಆಳ್ವಿಕೆ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1994 ಮಾರ್ಚ್ 11ಕ್ಕೆ. ಒಂಬತ್ತು ನ್ಯಾಯಮೂರ್ತಿಗಳ ಪೀಠ. ನಡುವೆ ಐದು ವರ್ಷ ಹೋಯಿತು, ಚುನಾವಣೆಯೂ ಮುಗಿದಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಮುಂದಿನವರಿಗೆ ದಾರಿ ಆಯಿತು.

ಶಿಗ್ಗಾಂವಿ ಹುಡುಗ
ಹೌದು ಸರ್, ನನ್ನದೇ ತಪ್ಪು. ಮೇಡಂ ಓದಿದರೆ ಬೈತಾರೆ.

ಸಾಧನಕೇರಿ ಮಳೆ
ಏಲಕ್ಕಿ ಅಕ್ಕಾ, ಈ ತಾರೀಖನ್ನು ಅವರ ವೃತ್ತಿಯ ಜೊತೆ ಇಟ್ಟು ನೋಡಿ. ಸರ್ಕಾರ ಹೋದ ವರ್ಷವೇ ಅವರು ಪಾಠ ಶುರು ಮಾಡಿದ್ದಾರೆ. ಮೊದಲ ಐದು ವರ್ಷ ಈ ವಿಷಯವನ್ನು ತೀರ್ಪು ಇಲ್ಲದೇ ಕಲಿಸಿದ್ದಾರೆ. ಪರಿಚಯ ಇಲ್ಲಿಂದಲೇ ಶುರು ಮಾಡಿ.

ಲೈನ್ ಬಜಾರ್
ಎಲ್ಲರೂ ಹೊಗಳುತ್ತಿದ್ದೀರಿ, ಸಂತೋಷ. ಆದರೆ ನಾನು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮೂವತ್ತಾರು ವರ್ಷದಲ್ಲಿ ಆರು ಲೇಖನ ಕಡಿಮೆ. ಧಾರವಾಡದ ರಾಜ್ಯಶಾಸ್ತ್ರ ಅಂದರೆ ಸಣ್ಣ ಪರಂಪರೆ ಅಲ್ಲ. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಇತಿಹಾಸ ಸಂಪಾದಿಸಿದ ಜಿ.ಎಸ್. ಹಾಲಪ್ಪ ಇಲ್ಲಿದ್ದರು. ರಾಜಕೀಯ ಚಿಂತನೆಯಲ್ಲೂ ಕನ್ನಡ ವಿಮರ್ಶೆಯಲ್ಲೂ ದೊಡ್ಡ ಹೆಸರಾದ ಕೆ. ರಾಘವೇಂದ್ರ ರಾವ್ ಇಲ್ಲಿ ಪಾಠ ಮಾಡಿದ್ದರು. ಅಂಥ ಊರಿನಲ್ಲಿ ಒಬ್ಬ ಪ್ರಾಧ್ಯಾಪಕರ ಪರಿಚಯ ಬರೆಯುವಾಗ ಬರವಣಿಗೆ ಎಷ್ಟು ಅಂತ ಕೇಳಲೇಬೇಕು. ಚೆನ್ನಾಗಿ ಕಲಿಸೋದು ಒಂದು, ವಿಷಯವನ್ನು ಬೆಳೆಸೋದು ಇನ್ನೊಂದು.

ಚಿಗರಿ ಬಸ್
ಅಲ್ಲಾ ಸರ್, ನಿವೃತ್ತಿ ಹೊತ್ತಲ್ಲಿ ಲೆಕ್ಕ ಕೇಳೋದಾ?

ಲೈನ್ ಬಜಾರ್
ಕೇಳಬೇಕು. ಗೌರವ ಇದ್ದರೇ ಕೇಳೋದು.

ಉಣಕಲ್ ದಂಡೆ
ನಾನು ಇದೇ ವೃತ್ತಿಯಿಂದ ನಿವೃತ್ತಿ ಆದವನು. ಲೈನ್ ಬಜಾರ್ ಅವರ ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಉತ್ತರವೂ ಇದೆ.

ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಸಹ ಪ್ರಾಧ್ಯಾಪಕರಿಗೆ 14. ಇದು ಕಾಗದದ ಮೇಲೆ. ಪದವಿ ಕಾಲೇಜಿನಲ್ಲಿ ಇದರ ಜೊತೆಗೆ ಪ್ರವೇಶಾತಿ, ಎನ್ನೆಸ್ಸೆಸ್ ಕ್ಯಾಂಪ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತ, ಪರೀಕ್ಷಾ ಕೊಠಡಿ, ಮೌಲ್ಯಮಾಪನ, ಚುನಾವಣಾ ಡ್ಯೂಟಿ ಎಲ್ಲಾ ಬರುತ್ತೆ. ವಿಶ್ವವಿದ್ಯಾಲಯದ ವಿಭಾಗದಲ್ಲಿ ಕೂತು ಎಂ.ಎ.ಗೆ ಎರಡು ಪತ್ರಿಕೆ ಕಲಿಸುವವರ ದಿನ ಬೇರೆ, ಬಿ.ಎ.ಯ ಮೂರೂ ವರ್ಷದವರಿಗೆ ಕಲಿಸುವವರ ದಿನ ಬೇರೆ. ಪ್ಲೇಟೋದಿಂದ ಹಿಡಿದು ವಿಶ್ವಸಂಸ್ಥೆವರೆಗೆ ಎಲ್ಲವೂ ಒಬ್ಬರೇ.

ಇನ್ನೊಂದು. 2010ರ ನಿಯಮದಲ್ಲಿ ಬಡ್ತಿಗೆ ಎಪಿಐ ಅಂಕ ಬಂತು. ಲೇಖನಕ್ಕಿಷ್ಟು, ವಿಚಾರ ಸಂಕಿರಣಕ್ಕಿಷ್ಟು. ಅಂಕಕ್ಕೋಸ್ಕರ ದುಡ್ಡು ಕೊಟ್ಟು ಎಲ್ಲೆಲ್ಲೋ ಲೇಖನ ಅಚ್ಚು ಹಾಕಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕಿಂತ ನಿಜವಾಗಿ ಬರೆದ ಆರು ಲೇಖನ ಸಾಕು.

ಲೈನ್ ಬಜಾರ್
ದುಡ್ಡಿನ ಲೇಖನದ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪಿದೆ. ಸರಿ, ಹಾಗಾದರೆ ಆ ಆರರಲ್ಲಿ ಏನಿದೆ, ಪಿಎಚ್.ಡಿ. ಯಾವುದರ ಮೇಲೆ, ಯಾರಾದರೂ ಹೇಳಿ.

ಗದಗ ಲೋಕಲ್
ಪಿಎಚ್.ಡಿ. ಮಂಡಲ ಪಂಚಾಯಿತಿಯ (ಈಗಿನ ಗ್ರಾಮ ಪಂಚಾಯಿತಿಗೆ ಮೊದಲಿದ್ದದ್ದು) ಮಹಿಳಾ ಸದಸ್ಯರ ಮೇಲೆ. ನನಗೆ ಗೊತ್ತು, ಯಾಕೆಂದರೆ ನಮ್ಮವ್ವನನ್ನು ಮಾತಾಡಿಸೋಕೆ ಅವರು ನಮ್ಮ ಮನೆಗೆ ಬಂದಿದ್ದರು.

ಅಬ್ದುಲ್ ನಜೀರ್ ಸಾಬ್ ಮಂತ್ರಿ ಆಗಿದ್ದಾಗ ಬಂದ 1983ರ ಪಂಚಾಯಿತಿ ಕಾಯ್ದೆಯಲ್ಲಿ ಹೆಂಗಸರಿಗೆ ಶೇ. 25 ಸೀಟು ಇತ್ತು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿಗಿಂತ ಎಷ್ಟೋ ಮೊದಲು. ಚುನಾವಣೆ ಆದದ್ದು 1987ರಲ್ಲಿ. ಅವ್ವ ಆಗ ಗೆದ್ದಳು. ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ಸಭೆಗೆ ಹೆಚ್ಚಾಗಿ ಅಪ್ಪನೇ ಹೋಗುತ್ತಿದ್ದ.

ಮೇಡಂ ಬಂದಾಗ ನಾನು ಏಳನೇ ಕ್ಲಾಸು. ಪ್ರಶ್ನೆ ಕೇಳಿದಾಗೆಲ್ಲ ಅಪ್ಪ ಉತ್ತರ ಕೊಡುತ್ತಿದ್ದ. ಮೇಡಂ ಏನೂ ಅನ್ನಲಿಲ್ಲ. ಎದ್ದು ಅಡಿಗೆ ಮನೆಗೆ ಹೋದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆ ಮುಂದೆ ಕೂತು, ತಾವೂ ಒಂದೆರಡು ರೊಟ್ಟಿ ತಿರುವಿ ಹಾಕುತ್ತಾ ಎರಡು ತಾಸು ಮಾತಾಡಿದರು. ಪೆನ್ನು ಹೊರಗೆ ತೆಗೆಯಲೇ ಇಲ್ಲ. ಹೋಗುವಾಗ ಬಸ್ ನಿಲ್ದಾಣದ ಕಟ್ಟೆ ಮೇಲೆ ಕೂತು ಪುಟಗಟ್ಟಲೆ ಬರೆದುಕೊಂಡರು. ಚೀಲ ಹಿಡಿದು ಕಳಿಸೋಕೆ ಹೋದವನು ನಾನೇ. ಊರಿನ ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅಂತ ಅವ್ವ ಸಭೆಯಲ್ಲಿ ಒಂದೇ ಒಂದು ಸಲ ಜಗಳ ಮಾಡಿದ್ದಳಂತೆ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಆ ಬೋರ್‌ವೆಲ್ ದಲಿತ ಕೇರಿ ಹತ್ತಿರ ಈಗಲೂ ಇದೆ.

ಸಾಧನಕೇರಿ ಮಳೆ
ಅಣ್ಣಾ, ಇದನ್ನು ಸಂಚಿಕೆಗೆ ಹೀಗೇ ಕೊಡಿ. ಒಂದಕ್ಷರ ಬದಲಿಸಬೇಡಿ.

ಹಾವೇರಿ ಏಲಕ್ಕಿ
ಗದಗದ ಅಣ್ಣಾ, ಕೈ ಮುಗಿಯುತ್ತೇನೆ. ಬಯೋಡೇಟಾದಲ್ಲಿ ಇದು "ಕ್ಷೇತ್ರಕಾರ್ಯ" ಅನ್ನೋ ಒಂದು ಪದದಲ್ಲಿ ಮುಗಿದಿದೆ.

ಲೈನ್ ಬಜಾರ್
ನನಗೂ ಉತ್ತರ ಸಿಕ್ಕಿತು. ಆದರೆ ನೋಡಿ, ನನ್ನ ತಕರಾರು ಇನ್ನೂ ಜಾಸ್ತಿ ಆಯಿತು. ಇಷ್ಟೆಲ್ಲಾ ಇದ್ದದ್ದನ್ನು ಅವರು ಪುಸ್ತಕ ಮಾಡಬೇಕಿತ್ತು. ಆ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಕೂತರೆ ಯಾರು ಓದುತ್ತಾರೆ? 1987ರಲ್ಲಿ ಗೆದ್ದ ಹೆಂಗಸರು ಈಗ ಎಷ್ಟು ಜನ ಉಳಿದಿದ್ದಾರೆ?

ಉಣಕಲ್ ದಂಡೆ
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸಂಚಿಕೆಯ ಬದಲು ಆ ಪ್ರಬಂಧವನ್ನೇ ಅಚ್ಚು ಹಾಕಿಸಬಹುದು ಅಲ್ವಾ? ಯೋಚನೆ ಮಾಡಿ.

ಮಲಪ್ರಭಾ ದಂಡೆ
ನನಗೆ ಗೋವಾ ಜೊತೆಗಿನ ಮಹದಾಯಿ ನದಿ ನೀರಿನ ಜಗಳದ ಬಗ್ಗೆ ಅವರು ಮಾಡಿದ ಪಾಠ ನೆನಪು. ನಾನು ನರಗುಂದದ ಕಡೆಯವನು. 2015ರಲ್ಲಿ ಧರಣಿ ಶುರುವಾದಾಗ ಕ್ಲಾಸಿನಲ್ಲಿ ಅರ್ಧ ಹುಡುಗರು ಇರುತ್ತಿರಲಿಲ್ಲ. ಮೇಡಂ ಹಾಜರಿ ಬಗ್ಗೆ ಜಗಳ ಮಾಡಲಿಲ್ಲ. ವಾಪಸ್ ಬಂದ ಮೇಲೆ 262ನೇ ವಿಧಿ, 1956ರ ಅಂತರರಾಜ್ಯ ನದಿ ವಿವಾದ ಕಾಯ್ದೆ, ನ್ಯಾಯಮಂಡಳಿ ಹೇಗೆ ರಚನೆ ಆಗುತ್ತೆ ಅಂತ ಮೂರು ದಿನ ಕಲಿಸಿದರು. "ಘೋಷಣೆ ಕೂಗಿ, ಬೇಡ ಅನ್ನಲ್ಲ. ಯಾರ ಕೈಯಲ್ಲಿ ಏನು ಇದೆ ಅಂತ ತಿಳಿದು ಕೂಗಿ" ಅಂದರು. 2018ರಲ್ಲಿ ನ್ಯಾಯಮಂಡಳಿಯಿಂದ ಕಳಸಾ ಬಂಡೂರಿ ಯೋಜನೆಗೆ 13.42 ಟಿಎಂಸಿ ಸಿಕ್ಕಾಗ ನಾನು ಮೊದಲು ಫೋನ್ ಮಾಡಿದ್ದು ಅವರಿಗೆ.

ಚಿಗರಿ ಬಸ್
13.42 ಅನ್ನೋದು ಕರ್ನಾಟಕಕ್ಕೆ ಸಿಕ್ಕ ಒಟ್ಟು ಪಾಲು. ಅದರಲ್ಲಿ 8.02 ವಿದ್ಯುತ್ತಿಗೆ. ಕಳಸಾಕ್ಕೆ 1.72, ಬಂಡೂರಿಗೆ 2.18, ಸೇರಿ 3.9 ಟಿಎಂಸಿ ಮಾತ್ರ.

ಮಲಪ್ರಭಾ ದಂಡೆ
ಫೋನಿನಲ್ಲಿ ಮೇಡಂ ಹೇಳಿದ್ದೂ ಇದೇ ಲೆಕ್ಕ. ನಾನು ಒಟ್ಟು ಅಂಕಿ ಹಾಕಿಬಿಟ್ಟೆ. ಆ 3.9 ಕೂಡ ಇನ್ನೂ ನಮ್ಮ ಹೊಲದ ಕಡೆ ಬಂದಿಲ್ಲ, ಅದನ್ನೂ ಬರೆದುಕೊಳ್ಳಿ.

ಚಿಗರಿ ಬಸ್
ಅದು ಕುಡಿಯುವ ನೀರಿನ ಯೋಜನೆ, ಹೊಲಕ್ಕೆ ಅಂತ...

ಮಲಪ್ರಭಾ ದಂಡೆ
ಮಲಪ್ರಭೆಗೆ ನೀರು ಬಂದರೆ ತಾನೇ ಹೊಲಕ್ಕೂ ಉಳಿಯೋದು. ನಮ್ಮ ಊರಿಗೆ ಬಂದು ಕಾಲುವೆ ನೋಡಿ, ಆಮೇಲೆ ಮಾತಾಡೋಣ.

ಹಾವೇರಿ ಏಲಕ್ಕಿ
ನೀರಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ ಅಣ್ಣಾ, ಅದು ಒಂದು ದಿನಕ್ಕೆ ಮುಗಿಯೋದಲ್ಲ. ಇಲ್ಲಿ ಮೇಡಂ ಬಗ್ಗೆ ಇರಲಿ. ಅವರ ರಾಜಕೀಯ ಚಿಂತನೆ ಪಾಠದ ಬಗ್ಗೆ ಯಾರೂ ಬರೆದಿಲ್ಲ.

ಸಪ್ತಾಪುರದ ಬಾವಿ
ನಾನು ಬರೆಯುತ್ತೇನೆ. ನಾನು ಕನ್ನಡ ಮಾಧ್ಯಮ. ಸವಣೂರಿನಿಂದ ಬಂದವಳು. ಮೊದಲ ವಾರವೇ ನನಗೆ ಒಂದು ದೊಡ್ಡ ಗೊಂದಲ. ಪುಸ್ತಕದಲ್ಲಿ ರಾಜ್ಯದ ಮೂಲಾಂಶ ನಾಲ್ಕು: ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಸಾರ್ವಭೌಮತ್ವ. ನಾನು ಎದ್ದು ಕೇಳಿದೆ, "ಮೇಡಂ, ಕರ್ನಾಟಕಕ್ಕೆ ಸಾರ್ವಭೌಮತ್ವ ಇಲ್ಲ. ಹಾಗಾದರೆ ಕರ್ನಾಟಕ ರಾಜ್ಯ ಅಲ್ವಾ?" ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. ಬೋರ್ಡ್ ಪೂರ್ತಿ ಒರೆಸಿದರು.

"ಕನ್ನಡದಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಇಟ್ಟುಕೊಂಡಿದ್ದೇವೆ" ಅಂದರು. ಎಡಕ್ಕೆ ಪ್ರಭುತ್ವ ಅಂತ ಬರೆದರು, ಬಲಕ್ಕೆ ರಾಜ್ಯ ಅಂತ ಬರೆದರು. ಹಾಬ್ಸ್, ಲಾಕ್, ರೂಸೋ ಮಾತಾಡೋದು ಎಡಗಡೆಯದರ ಬಗ್ಗೆ. ಸಂವಿಧಾನದ 1ನೇ ವಿಧಿಯ "ರಾಜ್ಯಗಳ ಒಕ್ಕೂಟ" ಬಲಗಡೆಯದು. ಆಮೇಲೆ 12ನೇ ವಿಧಿಗೆ ಬಂದರು. ಅಲ್ಲಿ ಮೂಲಭೂತ ಹಕ್ಕುಗಳ ಲೆಕ್ಕಕ್ಕೆ ನಮ್ಮ ಹುಬ್ಬಳ್ಳಿ ಧಾರವಾಡ ಮಹಾನಗರ ಪಾಲಿಕೆಯೂ "ರಾಜ್ಯ"ದ ಒಳಗೇ ಬರುತ್ತೆ. ಒಂದೇ ಪದ, ಮೂರು ಅಳತೆ. ಅವತ್ತಿನಿಂದ ಪುಸ್ತಕದಲ್ಲಿ ರಾಜ್ಯ ಅಂತ ಕಂಡಾಗೆಲ್ಲ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಪ್ರ ಅಥವಾ ರಾ ಅಂತ ಬರೆಯೋದು ನನಗೆ ರೂಢಿ ಆಯಿತು. ಈಗ ನಾನು ಕಲಿಸುವ ಮಕ್ಕಳೂ ಹಾಗೇ ಬರೆಯುತ್ತಾರೆ.

ಲೈನ್ ಬಜಾರ್
ಪ್ರಭುತ್ವ ಅನ್ನೋದು ಸರಿಯಾದ ಪದ. ಹಾಗಾದರೆ ನಮ್ಮ ವಿಷಯವನ್ನು ರಾಜ್ಯಶಾಸ್ತ್ರ ಅನ್ನೋದೂ ತಪ್ಪೇ. ರಾಜಕೀಯ ಶಾಸ್ತ್ರ ಅನ್ನಬೇಕು.

ಉಣಕಲ್ ದಂಡೆ
ರಾಜ್ಯಶಾಸ್ತ್ರ ಅಂತ ಇಷ್ಟು ವರ್ಷದಿಂದ ಬಂದಿದೆ, ಜನಕ್ಕೆ ಅರ್ಥ ಆಗುತ್ತೆ. ಹೆಸರು ಬದಲಿಸಿದರೆ ಗುಣ ಬದಲಾಗಲ್ಲ.

ಲೈನ್ ಬಜಾರ್
ಪಂಚಾಯಿತಿ, ಪಕ್ಷ, ಜಾತಿ, ಚಳವಳಿ, ಇವೆಲ್ಲಾ ಓದುವ ವಿಷಯಕ್ಕೆ ಬರೀ ರಾಜ್ಯದ ಹೆಸರು ಯಾಕೆ ಸರ್? ಗದಗದ ಅಣ್ಣನ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದ್ದೂ ಇದೇ ವಿಷಯದ ಒಳಗೇ ಇದೆ. ಹೆಸರು ಅದನ್ನು ಹೊರಗೆ ಇಡಬಾರದು.

ಉಣಕಲ್ ದಂಡೆ
ಈಗ ಹೇಳಿದ ಕಾರಣ ಗಟ್ಟಿ ಇದೆ. ಯೋಚಿಸುತ್ತೇನೆ.

ಚಿಗರಿ ಬಸ್
ಪ್ರವಾಸದ ಬಗ್ಗೆ ಯಾರೂ ಹೇಳಲಿಲ್ಲ. ಬೇರೆ ವಿಭಾಗದವರು ಗೋವಾ, ಹಂಪಿ ಅಂತ ಹೋದರೆ ನಮ್ಮನ್ನು ಗದಗ ಹತ್ತಿರದ ಕಣಗಿನಹಾಳಕ್ಕೆ ಕರೆದುಕೊಂಡು ಹೋಗಿದ್ದರು. ಮೊದಲು ಬೇಜಾರು ಆಗಿತ್ತು. 1905ರಲ್ಲಿ ಸಿದ್ಧನಗೌಡ ಪಾಟೀಲರು ಶುರು ಮಾಡಿದ ಸಹಕಾರ ಸಂಘ ನೋಡಿದ ಮೇಲೆ ಹೋಯಿತು. ಒಬ್ಬ ಸದಸ್ಯನಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. "ದೇಶದಲ್ಲಿ ಎಲ್ಲರಿಗೂ ಮತ ಸಿಗೋಕೆ ಎಷ್ಟೋ ಮೊದಲು ಈ ಊರಿನ ರೈತರು ಸರಿಸಮ ಮತ ಹಾಕುತ್ತಿದ್ದರು" ಅಂತ ಮೇಡಂ ಅಲ್ಲೇ ನಿಂತು ಹೇಳಿದರು. ಬರುವಾಗ ಗದಗದಲ್ಲಿ ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ಕೊಡಿಸಿದರು.

ಗದಗ ಲೋಕಲ್
ಮಿರ್ಚಿ ಅಂದರೆ ಗದಗದ್ದೇ. ಹುಬ್ಬಳ್ಳಿಯವರು ಏನೇ ಹೇಳಲಿ.

ಶಿಗ್ಗಾಂವಿ ಹುಡುಗ
ಗಿರ್ಮಿಟ್ಟು ಹುಬ್ಬಳ್ಳಿ ದುರ್ಗದಬೈಲಿನಲ್ಲಿ ತಿಂದು ಆಮೇಲೆ ಹೇಳಿ ಅಣ್ಣಾ.

ಅತಿಥಿ ಉಪನ್ಯಾಸಕ
ತುಂಬಾ ಹೊತ್ತಿನಿಂದ ಓದುತ್ತಿದ್ದೇನೆ. ನಾನು ಮೇಡಂ ವಿದ್ಯಾರ್ಥಿ ಅಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿದೆ, ಪಿಎಚ್.ಡಿ. ಇಲ್ಲ. ಹನ್ನೊಂದು ವರ್ಷದಿಂದ ಅತಿಥಿ. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗೋಕೆ ಪಿಎಚ್.ಡಿ. ಕಡ್ಡಾಯ ಅಂದರು, ಮುಂದೆ ಹಾಕಿದರು, 2023ರಲ್ಲಿ ನೆಟ್ ಅಥವಾ ಸೆಟ್ ಸಾಕು ಅಂದರು. ಪಠ್ಯಕ್ರಮ 2021ರಲ್ಲಿ ನಾಲ್ಕು ವರ್ಷದ ಪದವಿಗೆ ಅಂತ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ವಾಪಸ್ ಬಂತು. ಪ್ರತಿ ಸಲ ಹೊಸ ನೋಟ್ಸು. ಒಂದು ಕಾಲೇಜಿನಲ್ಲಿ ಎಂಟು ತಿಂಗಳು ಸಂಬಳ ಬರಲಿಲ್ಲ, ಆದರೂ ಪಾಠ ಬಿಡಲಿಲ್ಲ. ಏಲಕ್ಕಿಯವರೇ, ಮೇಡಂ 1989ರಿಂದ 1995ರವರೆಗೆ ಅರೆಕಾಲಿಕ ಅಂತ ಬರೆದಿದ್ದೀರಿ. ಆ ಆರು ವರ್ಷ ಅವರು ಹೇಗೆ ತಡೆದುಕೊಂಡರು? ನನಗೆ ಅದು ತಿಳಿಯಬೇಕು. ಪರಿಚಯದಲ್ಲಿ ಅದನ್ನು ಒಂದು ಸಾಲಿಗೆ ಮುಗಿಸಬೇಡಿ.

ಉಣಕಲ್ ದಂಡೆ
ತಮ್ಮಾ, ನಿಮ್ಮ ಪ್ರಶ್ನೆ ಎದೆಗೆ ತಾಗಿತು. ಆ ಕಾಲದಲ್ಲಿ ಅರೆಕಾಲಿಕರಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತಿದ್ದರು. ರಜೆಯಲ್ಲಿ ಏನೂ ಇಲ್ಲ.

ಹಾವೇರಿ ಏಲಕ್ಕಿ
ಎಲ್ಲರಿಗೂ ಧನ್ಯವಾದ. ಅತಿಥಿ ಸರ್ ಪ್ರಶ್ನೆ ಓದಿ ಸುಮ್ಮನಿರೋಕೆ ಆಗಲಿಲ್ಲ. ಇವತ್ತು ಸಂಜೆ ಮತ್ತೆ ಮೇಡಂ ಮನೆಗೆ ಹೋಗಿದ್ದೆ. ಆ ಆರು ವರ್ಷದ ಬಗ್ಗೆ ಕೇಳಿದೆ. ಬಾಯಲ್ಲಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಉದ್ದನೆಯ ಖಾತೆ ಪುಸ್ತಕ ತಂದರು. ಕೆಂಪು ಬಟ್ಟೆಯ ರಟ್ಟು, ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥದ್ದು. ಮೂಲೆಗಳು ಸವೆದು ಒಳಗಿನ ಹಲಗೆ ಕಾಣುತ್ತಿತ್ತು.

ಅದರಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳು ಇವೆ. ತಮಗೆ ಆ ಹೊತ್ತಿಗೆ ಉತ್ತರ ಬಾರದ ಪ್ರಶ್ನೆ ಮಾತ್ರ. ಎಡಕ್ಕೆ ಕೇಳಿದ ತಾರೀಖು, ನಡುವೆ ಪ್ರಶ್ನೆ, ಬಲಕ್ಕೆ ಉತ್ತರ ಹೇಳಿದ ತಾರೀಖು. ಕೇಳಿದವರ ಹೆಸರು ಇಲ್ಲ, ಊರು ಇದೆ. ಮೊದಲ ಪುಟ 1989 ಆಗಸ್ಟ್. ಕುಂದಗೋಳದ ಒಬ್ಬ ಹುಡುಗ ಕೇಳಿದ್ದು: "ರಾಜ್ಯಪಾಲರು ತಪ್ಪು ಮಾಡಿದರೆ ಯಾರಿಗೆ ಹೇಳಬೇಕು?" ಬಲಗಡೆ ಐದು ವರ್ಷ ಖಾಲಿ ಇದ್ದಿರಬೇಕು. ಆಮೇಲೆ ಬೇರೆ ಶಾಯಿಯಲ್ಲಿ 1994 ಮಾರ್ಚ್ 14 ಅಂತ ಇದೆ. ತೀರ್ಪು ಬಂದ ಮೂರನೇ ದಿನ. ಹುಡುಗ ಕಾಲೇಜು ಬಿಟ್ಟು ಎಷ್ಟೋ ಆಗಿತ್ತು. ಮೇಡಂ ಅವನಿಗೆ ಅಂಚೆ ಕಾರ್ಡ್ ಬರೆದು ಹಾಕಿದ್ದರಂತೆ.

"ಆ ಆರು ವರ್ಷ ಈ ವಹಿಯಿಂದ ಹೋಯಿತು ನೋಡವ್ವಾ" ಅಂದರು. ಅಷ್ಟೇ.

ರಾಜ್ಯ, ಪ್ರಭುತ್ವದ ಪ್ರಶ್ನೆಯೂ ಇದೆ, ಸವಣೂರು ಅಂತ. ಸಪ್ತಾಪುರದ ಅಕ್ಕಾ, ಅದಕ್ಕೆ ಎರಡು ತಾರೀಖು ಇವೆ. ಮೊದಲನೆಯದು ನಿಮಗೆ ಬೋರ್ಡ್ ಮೇಲೆ ಹೇಳಿದ ದಿನ. ಎರಡನೆಯದು ಮೂರು ತಿಂಗಳ ನಂತರ. ಪಕ್ಕದಲ್ಲಿ "12ನೇ ವಿಧಿ ಇನ್ನೂ ಬಿಡಿಸಿ ಹೇಳಿದೆ" ಅಂತ ಬರೆದಿದ್ದಾರೆ.

ಸಪ್ತಾಪುರದ ಬಾವಿ
ಹೌದು, ಅಕ್ಕಾ. ಎರಡನೇ ಸಲ ನನ್ನನ್ನು ಸ್ಟಾಫ್ ರೂಮಿಗೆ ಕರೆದು ಹೇಳಿದ್ದರು. ನಾನೇ ಮರೆತಿದ್ದೆ.

ಲೈನ್ ಬಜಾರ್
ಬರವಣಿಗೆ ಕಡಿಮೆ ಅಂದಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ಈ ವಹಿ ಹಾಳಾಗೋ ಮೊದಲು ಪುಟಪುಟ ಫೋಟೋ ತೆಗೆಯಬೇಕು. ನನ್ನ ಹತ್ತಿರ ಸ್ಕ್ಯಾನರ್ ಇದೆ, ಮೇಡಂ ಒಪ್ಪಿದರೆ ಮನೆಗೇ ತರುತ್ತೇನೆ.

ಗದಗ ಲೋಕಲ್
ಪ್ರಬಂಧ ಅಚ್ಚು ಹಾಕಿಸೋಕೆ ನನ್ನ ಪಾಲಿಂದ ಐದು ಸಾವಿರ ಬರೆದುಕೊಳ್ಳಿ. ಅವ್ವ ಇನ್ನೂ ಇದ್ದಾಳೆ. ಅವಳ ಕೈಗೆ ಕೊಡಬೇಕು.

ಅತಿಥಿ ಉಪನ್ಯಾಸಕ
ಬಲಗಡೆ ಇನ್ನೂ ಖಾಲಿ ಇರೋ ಪ್ರಶ್ನೆಗಳು ಇವೆಯಾ?

ಹಾವೇರಿ ಏಲಕ್ಕಿ
ಇವೆ ಸರ್. ನಾನು ಎಣಿಸಿದ್ದು ಇಪ್ಪತ್ತಮೂರು. ಅವನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಭಾನುವಾರ ಹತ್ತು ಗಂಟೆಗೆ ಧಾರವಾಡಕ್ಕೆ ಬನ್ನಿ, ನಿಮಗೊಂದು ಪ್ರತಿ ಝೆರಾಕ್ಸ್ ಮಾಡಿಸಿ ಇಟ್ಟಿರುತ್ತೇನೆ. ಮೇಡಂ ಕೂಡ ನಿಮ್ಮನ್ನು ನೋಡಬೇಕು ಅಂದಿದ್ದಾರೆ.